ದಂಡಿನ ಜಗಲಿಯ ಹೆಸರಿಲ್ಲದ ಗಿಡಗಳು

ಹಳೆಯ ಓಲೆಗರಿಯ ಕಟ್ಟೊಂದು ಕೈಸೇರಿದರೆ ಕನ್ನಡ ಪಾಠ ಹೇಳುವವರು ಮೊದಲು ತಿರುವಿ ನೋಡುವುದು ಅದರ ಕೊನೆಯ ಗರಿಯನ್ನು. ಕಾವ್ಯದ ಹೆಸರು, ಪ್ರತಿ ಮಾಡಿದವನ ಹೆಸರು, ಅವನ ಊರು, ಬರೆದು ಮುಗಿಸಿದ ಸಂವತ್ಸರ, ಇವೆಲ್ಲ ಸಾಮಾನ್ಯವಾಗಿ ಅಲ್ಲಿರುತ್ತವೆ. ಆ ಒಂದು ಗರಿಯನ್ನು ಗೆದ್ದಲು ತಿಂದಿತೆಂದರೆ ಉಳಿದ ಇನ್ನೂರು ಗರಿಗಳೂ ತಬ್ಬಲಿಗಳಾದಂತೆಯೆ. ಕುಂಡದಲ್ಲಿ ಬೆಳೆದ ಗಿಡಕ್ಕೂ ಇಂಥದೊಂದು ಕೊನೆಯ ಗರಿಯುಂಟು. ಮಣ್ಣಿಗೆ ಚುಚ್ಚಿದ ತಗಡಿನ ಚೂರೊ, ಮರದ ಸೀಳೊ, ಅದರ ಮೇಲೆ ಬರೆದ ಒಂದೆರಡು ಮಾತು, ಅಷ್ಟೆ. ಮಳೆಗೆ ಅಕ್ಷರ ಅಳಿದು, ಮಣ್ಣು ಬದಲಾಯಿಸುವಾಗ ಚೂರೂ ಕಳೆದುಹೋದ ಮೇಲೆ ಗಿಡವೇನೋ ಬದುಕಿರುತ್ತದೆ. ಅದರ ಚರಿತ್ರೆ ಮಾತ್ರ ಬಾಯಿ ಮುಚ್ಚುತ್ತದೆ. ಬೆಂಗಳೂರಿನ ದಂಡು ಪ್ರದೇಶದ ಮನೆಗಳಲ್ಲಿ ಹೀಗೆ ಮೂಕವಾದ ಗಿಡಗಳ ಪೈಕಿ ಬೆಗೋನಿಯವೂ ಒಂದು. ಅದಕ್ಕೆ ಮತ್ತೆ ಹೆಸರು ಹಚ್ಚುವುದು ಎಷ್ಟರ ಮಟ್ಟಿಗೆ ಸಾಧ್ಯ, ಎಷ್ಟರ ಮಟ್ಟಿಗೆ ಸರಿ ಎಂಬುದೆ ಈ ಬರೆಹದ ವಿಷಯ.

ಬೆಗೋನಿಯವನ್ನು ನೋಡದ ಬೆಂಗಳೂರಿಗರು ಕಡಮೆ, ಹೆಸರು ಗೊತ್ತಿಲ್ಲದಿರಬಹುದು. ಎಲೆಯನ್ನು ನಡುನರದ ಮೇಲೆ ಮಡಿಸಿದರೆ ಒಂದು ಪಕ್ಕ ಇನ್ನೊಂದಕ್ಕಿಂತ ದೊಡ್ಡದಾಗಿರುತ್ತದೆ. ಈ ಓರೆತನವೆ ಆ ಕುಲದ ಮೊದಲ ಗುರುತು. ಒಂದೇ ಗಿಡದಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬೆನ್ನಿಗೆ ಸಾಮಾನ್ಯವಾಗಿ ಮೂರು ರೆಕ್ಕೆಯ ಪುಟ್ಟ ಕಾಯಿ ಅಂಟಿಕೊಂಡಿರುತ್ತದೆ. ಕೆಲವು ಜಾತಿಗಳಲ್ಲಿ ಹೂವಿಗಿಂತ ಎಲೆಯೆ ಚೆಲುವು: ಬೆಳ್ಳಿಯ ಚುಕ್ಕೆ, ಕಂದು ಅಂಚು, ಎಲೆಯ ಹಿಂಬದಿಗೆ ದಾಳಿಂಬೆಯ ಕೆಂಪು. ಉರಿಬಿಸಿಲೂ ಬೇಡ, ಕತ್ತಲೆಯೂ ಬೇಡ. ತೇವ ಬೇಕು, ನಿಂತ ನೀರು ಬೇಡ. ಜಗಲಿಗೆಂದೇ ಹುಟ್ಟಿದ ಗಿಡವೆನ್ನಬೇಕು.

ಈ ಹೆಸರು ಬಂದದ್ದು ಗಿಡ ಬೆಳೆದವನಿಂದಲ್ಲ, ಗಿಡ ಹುಡುಕಿದವನಿಗೆ ಆಸರೆಯಾದವನಿಂದ. ಮಿಶೆಲ್ ಬೆಗೊನ್ (1638–1710) ಕೆರಿಬಿಯನ್ ದ್ವೀಪಗಳಲ್ಲಿ ಆಡಳಿತ ನಡಸಿದ ಫ್ರೆಂಚ್ ಅಧಿಕಾರಿ. ಅವನ ಬೆಂಬಲ ಪಡೆದ ಷಾರ್ಲ್ ಪ್ಲೂಮಿಯೆ ಎಂಬ ಸಂನ್ಯಾಸಿ ಸಸ್ಯಜ್ಞನು ಕೃತಜ್ಞತೆಯಿಂದ ಅವನ ಹೆಸರನ್ನು ಒಂದು ಗಿಡಕ್ಕಿಟ್ಟನು. ಆ ಪ್ಲೂಮಿಯೆಯ ನೆನಪೂ ನಮ್ಮಲ್ಲಿ ಉಳಿದಿದೆ. ದೇವಸ್ಥಾನಗಳ ಬಳಿ ಬೆಳೆಯುವ ದೇವಕಣಗಿಲೆಗೆ ಶಾಸ್ತ್ರಜ್ಞರು ಕೊಟ್ಟ ‘ಪ್ಲುಮೇರಿಯ’ ಎಂಬ ಹೆಸರು ಅವನದೆ. 1753ರಲ್ಲಿ ಲಿನ್ನೇಯಸನು ತನ್ನ ಗ್ರಂಥದಲ್ಲಿ ಬೆಗೋನಿಯವನ್ನು ಸೇರಿಸಿಕೊಂಡ ಮೇಲೆ ಆ ಹೆಸರು ಸ್ಥಿರವಾಯಿತು.

ಆದರೆ ಇಲ್ಲಿ ಒಂದು ಮಾತು ಗಮನಿಸತಕ್ಕದ್ದು. ಬೆಗೋನಿಯವೆಂಬ ಹೆಸರು ಅಚ್ಚಾದದ್ದು 1700ರ ಆಸುಪಾಸಿನಲ್ಲಿ. ಅದಕ್ಕಿಂತ ಮೊದಲೆ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಹೊರಬಂದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ನಮ್ಮ ಪಶ್ಚಿಮಘಟ್ಟದ ಬೆಗೋನಿಯವೊಂದರ ಚಿತ್ರವೂ ಹೆಸರೂ ಇವೆ. ಕೊಚ್ಚಿಯ ಡಚ್ ಅಧಿಪತಿ ವಾನ್ ರೀಡೆ ಆ ಗ್ರಂಥವನ್ನು ಮಾಡಿಸಿದಾಗ ನೆರವಾದವರಲ್ಲಿ ಇಟ್ಟಿ ಅಚ್ಯುತನ್ ಎಂಬ ಮಲೆಯಾಳಿ ವೈದ್ಯನೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ ಇದ್ದರು. ಅಲ್ಲಿ ಆ ಗಿಡದ ಹೆಸರು ‘ನಾರಿನಂಪುಳಿ’ ಎಂದಿದೆ. ಕೊನೆಯ ‘ಪುಳಿ’ ನಮ್ಮ ‘ಹುಳಿ’ಯೆ; ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾದದ್ದನ್ನು ಓದಿದವರಿಗೆ ಇದು ಹೊಸತಲ್ಲ. ಬೆಗೋನಿಯದ ಎಲೆ ಆಕ್ಸಾಲಿಕ್ ಆಮ್ಲದಿಂದಾಗಿ ಹುಳಿಯಾಗಿರುತ್ತದೆ. ಫ್ರಾನ್ಸಿನ ಲಮಾರ್ಕನು 1785ರಲ್ಲಿ ಅದೇ ಗಿಡವನ್ನು ‘ಬೆಗೋನಿಯ ಮಲಬಾರಿಕ’ ಎಂದು ಕರೆದನು. ಒಂದು ಹೆಸರು ಗಿಡದ ಗುಣವನ್ನು ಹೇಳಿತು. ಇನ್ನೊಂದು ಒಬ್ಬ ಅಧಿಕಾರಿಯ ಉಪಕಾರವನ್ನೂ ಒಂದು ಕರಾವಳಿಯನ್ನೂ ಹೇಳಿತು. ಎರಡೂ ಹೆಸರೆ, ಎರಡೂ ಚರಿತ್ರೆಯೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಗಾಜಿನ ಮನೆಗಳಿಗೆ ಬೆಗೋನಿಯದ ಹುಚ್ಚು ಹಿಡಿಯಿತು. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಿಂದ ಗೆಡ್ಡೆಯ ಜಾತಿಗಳು ಬಂದವು. ಬ್ರೆಜಿಲಿನಿಂದ ಬಿದಿರಿನಂತೆ ಗಿಣ್ಣುಳ್ಳ ಎತ್ತರದ ಜಾತಿಗಳು ಬಂದವು. ಅರಬ್ಬೀ ಸಮುದ್ರದ ಸೊಕೋತ್ರ ದ್ವೀಪದಿಂದ 1880ರಲ್ಲಿ ಒಂದು ಬಂದಿತು. ಎಲೆಯ ಸೊಬಗಿಗೆ ರಾಜನೆನಿಸಿಕೊಂಡ ‘ಬೆಗೋನಿಯ ರೆಕ್ಸ್’ ನಮ್ಮ ಅಸ್ಸಾಮಿನದು. ಆರ್ಕಿಡ್ ಗಿಡಗಳ ಸಂಗಡ ಅದು ಬ್ರಸೆಲ್ಸಿನ ಲಿಂಡನ್ ಎಂಬ ಸಸ್ಯವ್ಯಾಪಾರಿಯ ಕೈಸೇರಿತು. 1857ರಲ್ಲಿ ಪುಟ್ಸೇಯ್ಸ್ ಎಂಬಾತನು ಅದಕ್ಕೆ ಹೆಸರಿಟ್ಟನು. ಇವನ್ನೆಲ್ಲ ತೋಟಗಾರರು ಒಂದರೊಡನೊಂದು ಕೂಡಿಸಿ ಸಾವಿರಗಟ್ಟಲೆ ಹೊಸ ತಳಿಗಳನ್ನು ಹುಟ್ಟಿಸಿದರು. ಹೊಸ ತಳಿಗೆ ರಾಣಿಯದೊ, ಸೇನಾಪತಿಯದೊ, ಊರಿನದೊ ಹೆಸರಿಟ್ಟು ಪಟ್ಟಿಯಲ್ಲಿ ಬೆಲೆ ಹಾಕಿ ಮಾರಿದರು. ಅಸ್ಸಾಮಿನ ರಾಜನ ಮೊಮ್ಮಕ್ಕಳು ಯೂರೋಪಿನ ಹೆಸರು ಹೊತ್ತು ಮತ್ತೆ ಭಾರತದ ಜಗಲಿಗಳಿಗೆ ಬಂದದ್ದು ಆ ಕಾಲದ ವಿನೋದಗಳಲ್ಲೊಂದು.

ಬೆಂಗಳೂರಿನ ದಂಡು ಸ್ಥಾಪನೆಯಾದದ್ದು 1809ರಲ್ಲಿ, ಹಲಸೂರು ಕೆರೆಯ ಆಸುಪಾಸಿನಲ್ಲಿ. ಮೂರು ಸಾವಿರ ಅಡಿ ಎತ್ತರದ ಈ ಊರಿನ ಹವೆ ಬಿಳಿಯರಿಗೆ ಒಗ್ಗಿದಂತೆ ಅವರ ಗಿಡಗಳಿಗೂ ಒಗ್ಗಿತು. ದೊಡ್ಡ ಕಾಂಪೌಂಡು, ಮುಂದೆ ಮಂಕಿ ಟಾಪಿನ ಚೂಪು ಹಲಗೆಗಳ ಪೋರ್ಟಿಕೊ, ಅದರ ನೆರಳಲ್ಲಿ ಸಾಲಾಗಿ ಕುಂಡಗಳು, ಇದು ದಂಡಿನ ಬಂಗಲೆಯ ರೂಪ. 1864ರಲ್ಲಿ ಜೋಲಾರಪೇಟೆಯಿಂದ ದಂಡಿಗೆ ರೈಲು ಬಂದ ಮೇಲೆ ಮದರಾಸಿನ ಬಂದರಿಗೆ ಇಳಿದ ಗಿಡದ ಪೆಟ್ಟಿಗೆ ಬಾಡುವ ಮೊದಲೆ ಇಲ್ಲಿಗೆ ತಲಪಲು ಹಾದಿಯಾಯಿತು. ಅತ್ತ 1760ರಲ್ಲಿ ಹೈದರಾಲಿ ಹಾಕಿಸಿದ ಲಾಲ್‌ಬಾಗು 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. ಅಲ್ಲಿಯ ಮೇಲ್ವಿಚಾರಕ ವಿಲಿಯಂ ನ್ಯೂ 1861ರಲ್ಲಿ ತೋಟದ ಗಿಡಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿದನು. 1874ರಲ್ಲಿ ಬಂದ ಜಾನ್ ಕ್ಯಾಮೆರಾನನೂ ಅಂಥ ಪಟ್ಟಿ ಮಾಡಿದನು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿದ್ದು ಫಲಪುಷ್ಪ ಪ್ರದರ್ಶನಗಳಿಗೆ ನೆಲೆ ಸಿಕ್ಕಿತು. ಪಟ್ಟಿಯಲ್ಲಿ ಹೆಸರು, ಕುಂಡದಲ್ಲಿ ತಗಡು, ಹೀಗೆ ಸರ್ಕಾರಿ ತೋಟದಲ್ಲಿ ಗಿಡದ ಹೆಸರಿಗೆ ಎರಡು ಕಾವಲು. ಮನೆಯ ಜಗಲಿಯಲ್ಲಿ ಇದ್ದದ್ದು ಒಂದೇ ಕಾವಲು, ಮನೆಯವರ ನೆನಪು.

ಆ ನೆನಪಿನ ರೀತಿಯೂ ವಿಚಿತ್ರ. 1896ರಲ್ಲಿ ಹುಡುಗುತನದ ಸೈನ್ಯಾಧಿಕಾರಿಯಾಗಿ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್, 1930ರಲ್ಲಿ ಪ್ರಕಟಿಸಿದ ಆತ್ಮಚರಿತ್ರೆಯಲ್ಲಿ ತನ್ನ ಬಂಗಲೆಯ ತೋಟವನ್ನು ನೆನೆದಿದ್ದಾನೆ. ಹಿಂದಿನ ಬಾಡಿಗೆದಾರರು ಬಿಟ್ಟುಹೋದ ನೂರೈವತ್ತರಷ್ಟು ಗುಲಾಬಿ ಗಿಡಗಳಲ್ಲಿ ಮಾರೆಷಾಲ್ ನೀಲ್, ಲಾ ಫ್ರಾನ್ಸ್, ಗ್ಲೋರ್ ದ ದಿಜೋನ್ ಎಂಬ ಹೆಸರುಗಳು ಮೂವತ್ತು ವರ್ಷ ಕಳೆದರೂ ಅವನಿಗೆ ಮರೆತಿರಲಿಲ್ಲ. ಅವುಗಳಿಗೆ ನೀರೆರೆದ ಮಾಲಿಗಳು ಇಬ್ಬರೆಂದು ಲೆಕ್ಕ ಕೊಟ್ಟಿದ್ದಾನೆ. ಅವರ ಹೆಸರು ಕೊಟ್ಟಿಲ್ಲ. ದಂಡಿನ ತೋಟಗಳ ಕಾಗದಪತ್ರವೆಲ್ಲ ಬಹುಮಟ್ಟಿಗೆ ಹೀಗೆಯೆ. ಗಿಡದ ಹೆಸರು ಬಲ್ಲವರು ಗಿಡ ಸಾಕಲಿಲ್ಲ. ಸಾಕಿದವರಿಂದ ಹೆಸರನ್ನು ಯಾರೂ ಕೇಳಲಿಲ್ಲ.

ಗುಲಾಬಿಗಿಂತ ಬೆಗೋನಿಯ ಇನ್ನೂ ಸುಲಭವಾಗಿ ಹೆಸರು ಕಳೆದುಕೊಳ್ಳುವ ಗಿಡ. ಕಾರಣ ಅದರ ಹುಟ್ಟಿನಲ್ಲೆ ಇದೆ. ರೆಕ್ಸ್ ಜಾತಿಯ ಒಂದು ಎಲೆಯನ್ನು ಕಿತ್ತು, ಹಿಂಬದಿಯ ನರಗಳನ್ನು ಅಲ್ಲಲ್ಲಿ ಕೊಯ್ದು, ಒದ್ದೆ ಮರಳಿನ ಮೇಲೆ ಒತ್ತಿಟ್ಟರೆ ಕೊಯ್ದ ಕಡೆಗಳಲ್ಲೆಲ್ಲ ಮರಿಗಳೇಳುತ್ತವೆ. ಗಿಣ್ಣಿನ ಜಾತಿಗಳಲ್ಲಿ ಒಂದು ಕಡ್ಡಿ ಸಾಕು. ಹೀಗೆ ಹುಟ್ಟಿದ್ದು ತಾಯಿಯ ಮಗುವಲ್ಲ, ತಾಯಿಯೆ. ಬೀಜದಿಂದಾದರೆ ಗುಣ ಬದಲಾದೀತು. ಎಲೆಯಿಂದ ಬೆಳೆದದ್ದು ನೂರು ವರ್ಷ ಕಳೆದರೂ, ನೂರು ಮನೆ ದಾಟಿದರೂ ಅದೇ ಗಿಡ. ಆದರೆ ಕರವಸ್ತ್ರದಲ್ಲಿ ಸುತ್ತಿ ಕೊಟ್ಟ ಎಲೆಯ ಜೊತೆಗೆ ತಗಡಿನ ಚೂರನ್ನು ಯಾರು ಕೊಟ್ಟಾರು? ಎಲೆ ಹೋಗುತ್ತದೆ, ಹೆಸರು ಹಿಂದೆ ಉಳಿಯುತ್ತದೆ. 1947ರ ಜುಲೈನಲ್ಲಿ ದಂಡು ಮೈಸೂರು ಸಂಸ್ಥಾನಕ್ಕೆ ಹಿಂದಿರುಗಿತು. ಅಲ್ಲಿಂದ ಮುಂದಿನ ವರ್ಷಗಳಲ್ಲಿ ಕಾಕ್ಸ್ ಟೌನು, ಕುಕ್ ಟೌನು, ರಿಚರ್ಡ್ಸ್ ಟೌನು, ವೈಟ್‌ಫೀಲ್ಡುಗಳ ಎಷ್ಟೋ ಆಂಗ್ಲೊ-ಇಂಡಿಯನ್ ಸಂಸಾರಗಳು ಇಂಗ್ಲೆಂಡು, ಆಸ್ಟ್ರೇಲಿಯ, ಕೆನಡಾಗಳಿಗೆ ತೆರಳಿದವು. ಹಡಗಿಗೆ ಕುಂಡ ಏರಿಸುವಂತಿರಲಿಲ್ಲ. ಕುಂಡಗಳು ನೆರೆಯವರಿಗೆ ಬಂದವು. ಹೆಸರು ಹಡಗೇರಿತು.

ನಮ್ಮ ಅತ್ತೆಯವರು ಅಂಥ ನೆರೆಯವರಲ್ಲೊಬ್ಬರು. ಮದುವೆಯಾಗಿ 1962ರಲ್ಲಿ ಹಲಸೂರಿಗೆ ಬಂದ ಅವರಿಗೆ ಅಕ್ಕಪಕ್ಕದಿಂದ ಬಂದ ಗಿಡಗಳು ಮುಂದೆ ಇಂದಿರಾನಗರಕ್ಕೆ ಮನೆ ಬದಲಾಯಿಸಿದಾಗ ಎತ್ತಿನ ಗಾಡಿಯಲ್ಲಿ ಜೊತೆಗೆ ಬಂದವಂತೆ. ಈಗ ಹಿಂದಿನ ಜಗಲಿಯಲ್ಲಿ ಬೆಗೋನಿಯದ ಕುಂಡ 24 ಇವೆ. ಒಂದಕ್ಕೂ ಚೀಟಿಯಿಲ್ಲ. ಇವಕ್ಕೆ ಹೆಸರಿಲ್ಲವಲ್ಲ ಎಂದು ನಾನೊಮ್ಮೆ ಹಲುಬಿದಾಗ ಅವರು ಹೇಳಿದ ಮಾತಿದು: “ಹೆಸರಿಲ್ಲ ಅಂತ ಯಾರು ಹೇಳಿದ್ದು ನಿನಗೆ? ಇದು ಮಿಸ್ಸಮ್ಮನ ಗಿಡ. ಅದು ಫ್ರೇಜರ್ ಟೌನಿನ ಡಾಕ್ಟರಮ್ಮ ಕೊಟ್ಟದ್ದು. ಆ ಮೂಲೇದು ಲೂಸಿ.”

“ಲೂಸಿ ಅಂದರೆ ಏನು, ಅತ್ತೆ?”

“ಲೂಸಿ ಅಂದರೆ ಲೂಸಿ. ಮಿಸ್ಸಮ್ಮ ಹಾಗೇ ಅನ್ನೋರು.”

ಅಂದಿನಿಂದ ಒಂದು ವರ್ಷ ನಾನು ಆ ಕುಂಡಗಳನ್ನು ಪಾಠಾಂತರ ನೋಡುವಂತೆ ನೋಡಿದೆನು. ಪ್ರತಿ ಕುಂಡಕ್ಕೊಂದು ಅಂಕೆ, ಪ್ರತಿ ಅಂಕೆಗೆ ನೋಟುಬುಕ್ಕಿನಲ್ಲೊಂದು ಹಾಳೆ. ಮೊದಲು ಕಾಂಡ: ಗಿಣ್ಣುಗಿಣ್ಣಾಗಿ ನೆಟ್ಟಗೆ ನಿಲ್ಲುತ್ತದೆಯೊ, ಶುಂಠಿಯಂತೆ ನೆಲದ ಮೇಲೆ ತೆವಳುತ್ತದೆಯೊ, ಗೆಡ್ಡೆಯಾಗಿ ಮಣ್ಣಿನಲ್ಲಿ ಮಲಗುತ್ತದೆಯೊ. ಆಮೇಲೆ ಎಲೆ: ಉದ್ದ, ಅಗಲ, ಅಂಚಿನ ಹಲ್ಲು, ರೋಮ, ಹಿಂಬದಿಯ ಬಣ್ಣ. ಆಮೇಲೆ ಹೂ: ಯಾವ ತಿಂಗಳು ಬಿಟ್ಟಿತು, ಗಂಡು ಹೂವಿಗೆ ಎಷ್ಟು ದಳ, ಹೆಣ್ಣು ಹೂವಿಗೆ ಎಷ್ಟು, ಕಾಯಿಯ ಮೂರು ರೆಕ್ಕೆಗಳಲ್ಲಿ ಯಾವುದು ದೊಡ್ಡದು. ಒಂದೇ ದಿನ ನೋಡಿ ತೀರ್ಮಾನಿಸುವಂತಿಲ್ಲ. ಎಳೆಯ ಎಲೆಯ ಬೆಳ್ಳಿ ಚುಕ್ಕೆ ಬಲಿತಾಗ ಮಾಯವಾಗುವುದುಂಟು. ಬೆಳಕಿನಲ್ಲಿ ಕೆಂಪಾದದ್ದು ನೆರಳಲ್ಲಿ ಹಸಿರಾಗುವುದುಂಟು. ಆದ್ದರಿಂದ ಬೇರೆ ಬೇರೆ ಕಂಡ ಕುಂಡಗಳನ್ನು ಒಂದೇ ಮೂಲೆಯಲ್ಲಿ ಒಂದೇ ಬೆಳಕಿನಲ್ಲಿ ಕೆಲವು ತಿಂಗಳು ಇಟ್ಟು ನೋಡಬೇಕು.

ಫಲವೇನೆಂದು ವಾಚಕರು ಕೇಳಬಹುದು. ಮೊದಲನೆಯ ಫಲ, 24 ಕುಂಡಗಳಲ್ಲಿದ್ದದ್ದು 11 ಗಿಡಗಳು ಮಾತ್ರ. ಉಳಿದವು ಅವುಗಳ ಕಡ್ಡಿ, ಎಲೆಗಳಿಂದಾದವು. ಒಂದೇ ಕಾವ್ಯದ ಎರಡು ಮೂರು ಪ್ರತಿಗಳಿದ್ದಂತೆ. ಎರಡನೆಯ ಫಲ, ಈ ಹನ್ನೊಂದನ್ನೂ ಗುಂಪುಗಳಿಗೆ ಸೇರಿಸಲು ಕಷ್ಟವಾಗಲಿಲ್ಲ: ಗಿಣ್ಣಿನವು ನಾಲ್ಕು, ತೆವಳುವವು ಮೂರು, ರೆಕ್ಸ್ ವಂಶದವು ಎರಡು, ವರ್ಷವೆಲ್ಲ ಹೂ ಬಿಡುವ ಮೇಣದೆಲೆಯವು ಎರಡು. ಗುಂಪು ಹೇಳುವುದು ಕಣ್ಣಿನ ಕೆಲಸ; ಯಾರಾದರೂ ಕಲಿಯಬಹುದು. ತೊಡಕೆಲ್ಲ ಅದರ ಮುಂದಿನ ಹೆಜ್ಜೆಯಲ್ಲಿ.

ಕಾಡಿನ ಜಾತಿಗೂ ತೋಟದ ತಳಿಗೂ ಒಂದು ದೊಡ್ಡ ವ್ಯತ್ಯಾಸವುಂಟು. ಕಾಡಿನ ಬೆಗೋನಿಯ ಜಾತಿಗಳು ಇಂದು ಎರಡು ಸಾವಿರಕ್ಕೂ ಮೇಲೆ ಗೊತ್ತಾಗಿವೆ. ಒಂದು ಜಾತಿಗೆ ಹೆಸರಿಡುವಾಗ ಲಕ್ಷಣಗಳನ್ನು ವರ್ಣಿಸುತ್ತಾರೆ. ಒಣಗಿಸಿ ಕಾಗದಕ್ಕೆ ಅಂಟಿಸಿದ ಮಾದರಿಯನ್ನೊ ಚಿತ್ರವನ್ನೊ ಆ ಹೆಸರಿಗೆ ಆಧಾರವಾಗಿ ಇಡುತ್ತಾರೆ. ಸಂಶಯ ಬಂದರೆ ಹೋಗಿ ಹೋಲಿಸಬಹುದು. ಹಳೆಯ ತಳಿಗೆ ಅನೇಕ ವೇಳೆ ಇರುವುದು ವ್ಯಾಪಾರಿಯ ಪಟ್ಟಿಯ ಒಂದೆರಡು ಹೊಗಳಿಕೆಯ ಸಾಲು. ಸ್ವಿಟ್ಜರ್‌ಲೆಂಡಿನ ಲೂಸರ್ನ್ ಊರಿನಲ್ಲಿ 1892ರಲ್ಲಿ ಹುಟ್ಟಿದ ‘ಕೊರಲೀನ ದೆ ಲೂಸೆರ್ನ’ ಎಂಬ ತಳಿಯುಂಟು. ಲೋಕದ ಮನೆಗಳಲ್ಲಿ ಅದರ ಹೆಸರು ಬರಿಯ ‘ಲೂಸೆರ್ನ’. ಎತ್ತರದ ಗಿಣ್ಣುಕಾಂಡ, ಬೆಳ್ಳಿ ಚುಕ್ಕೆಯ ಎಲೆ, ಎಲೆಯಡಿಗೆ ಕೆಂಪು, ಜೋತುಬಿದ್ದ ಗುಲಾಬಿ ಬಣ್ಣದ ದೊಡ್ಡ ಗೊಂಚಲು. ಅದೇ ಕಾಲಕ್ಕೆ ಫ್ರಾನ್ಸಿನಲ್ಲಿ ಹುಟ್ಟಿ ರಾಷ್ಟ್ರಾಧ್ಯಕ್ಷನ ಹೆಸರು ಹೊತ್ತ ‘ಪ್ರೆಸಿಡೆಂಟ್ ಕಾರ್ನೊ’ ಎಂಬುದೊಂದು. ಈ ಎರಡರ ಹೆಸರುಗಳು ವ್ಯಾಪಾರದಲ್ಲಿ ಒಂದಕ್ಕೊಂದು ಎಷ್ಟೋ ಸಲ ಅದಲುಬದಲಾಗಿವೆ. ತಗಡಿನ ಚೂರಿದ್ದರೂ ಅದು ಸರಿಯೆನ್ನುವ ಭರವಸೆಯಿಲ್ಲ. ನಮ್ಮ ‘ಕವಿರಾಜಮಾರ್ಗ’ದ ಗತಿ ನೆನಪಾಗುತ್ತದೆ. 1898ರಲ್ಲಿ ಕೆ. ಬಿ. ಪಾಠಕರು ಅಚ್ಚು ಮಾಡಿಸಿದಾಗ ಅದು ನೃಪತುಂಗನ ಕೃತಿ. ಅನಂತರದ ವಿದ್ವಾಂಸರಲ್ಲಿ ಅನೇಕರಿಗೆ ಶ್ರೀವಿಜಯನ ಕೃತಿ. ಗ್ರಂಥದ ಒಂದಕ್ಷರವೂ ಬದಲಾಗಲಿಲ್ಲ. ಮೇಲಿನ ಚೀಟಿ ಬದಲಾಯಿತು.

ಈಗ ಮೂಲೆಯ ‘ಲೂಸಿ’ಯ ಮಾತು. ಆ ಕುಂಡದ ಗಿಡ ಗಿಣ್ಣಿನದು, ಚುಕ್ಕೆಯೆಲೆಯದು, ಕೆಂಪು ಬೆನ್ನಿನದು, ಮಾರ್ಚಿಯಿಂದ ಮಳೆಗಾಲದವರೆಗೆ ಗುಲಾಬಿ ಗೊಂಚಲು ಬಿಡುವುದು. ಲೂಸೆರ್ನ ಎಂಬುದು ಬಾಯಿಂದ ಬಾಯಿಗೆ ಸವೆದು ಲೂಸಿಯಾಯಿತೆ? ಭಾಷೆಯ ದೃಷ್ಟಿಯಿಂದ ಆಗಬಾರದ್ದೇನಿಲ್ಲ. ಸ್ವೀಡನ್ನಿನ ಡಾಲ್ ಎಂಬ ಸಸ್ಯಜ್ಞನ ಹೆಸರಿನ ‘ಡೇಲಿಯ’ ನಮ್ಮ ಮಲೆನಾಡಿನ ಹೆಂಗಸರ ಮುಡಿಯಲ್ಲಿ ‘ಡೇರೆ’ ಹೂವಾಯಿತು. ಅತ್ತ ನಮ್ಮ ಹಲಸೂರು ಸೋಲ್ಜರರ ನಾಲಗೆಯಲ್ಲಿ ‘ಅಲ್ಸೂರ್’ ಆಗಿ ಹಲಸಿನ ವಾಸನೆಯನ್ನೆ ಕಳೆದುಕೊಂಡಿತು. ಹೋಗುವ ಮಾತೂ ಬರುವ ಮಾತೂ ಸವೆಯುವುದು ಒಂದೇ ದಾರಿಯಲ್ಲಿ. ಹಾಗಿದ್ದರೂ ಲೂಸಿ ಎಂಬುದು ಆ ಮಿಸ್ಸಮ್ಮನ ತಂಗಿಯ ಹೆಸರೊ, ಗಿಡ ಕೊಟ್ಟ ಗೆಳತಿಯ ಹೆಸರೊ ಇದ್ದಿರಬಾರದೆ? ಇರಬಹುದು. ಮಿಸ್ಸಮ್ಮ ಆಸ್ಟ್ರೇಲಿಯಕ್ಕೆ ಹೋಗಿ ಅರ್ಧ ಶತಮಾನಕ್ಕೂ ಹೆಚ್ಚಾಯಿತು. ಆದ್ದರಿಂದ ಆ ಕುಂಡದ ಚೀಟಿಯಲ್ಲಿ ನಾನು ‘ಲೂಸೆರ್ನ’ ಎಂದು ಬರೆಯಲಿಲ್ಲ. ‘ಲೂಸಿ, ಮಿಸ್ಸಮ್ಮನಿಂದ ಹಲಸೂರಿನಲ್ಲಿ ಬಂದದ್ದು, ಲೂಸೆರ್ನವನ್ನು ಹೋಲುತ್ತದೆ’ ಎಂದು ಬರೆದೆನು.

ಇದು ಅಂಜುಬುರುಕುತನವಲ್ಲ, ಶಾಸ್ತ್ರವೂ ಹೀಗೆಯೆ ನಡೆದುಕೊಳ್ಳುತ್ತದೆ. 1932ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದ ಅಮೆರಿಕನ್ ಬೆಗೋನಿಯ ಸೊಸೈಟಿಯೆ ಇಂದು ಲೋಕದ ಬೆಗೋನಿಯ ತಳಿಗಳ ಹೆಸರನ್ನು ದಾಖಲಿಸುವ ಸಂಸ್ಥೆ. ಹೆಸರು ತಿಳಿಯದ ಜಾತಿಯೊಂದು ಬೆಳೆಗಾರರ ಕೈಗೆ ಬಂದರೆ ಅವರು ಊಹೆಯ ಹೆಸರಿಡುವುದಿಲ್ಲ. ‘ಯು’ ಎಂಬ ಅಕ್ಷರವನ್ನೂ ಒಂದು ಸಂಖ್ಯೆಯನ್ನೂ ಕೊಟ್ಟು ಸುಮ್ಮನಾಗುತ್ತಾರೆ. ಮುಂದೆ ಯಾರಾದರೂ ಗುರುತಿಸಿದರೆ ಹೆಸರು ಬರುತ್ತದೆ. ಅಲ್ಲಿಯವರೆಗೆ ಸಂಖ್ಯೆಯೆ ಗೌರವ. ವಚನಗಳಲ್ಲಿ ‘ಕೂಡಲಸಂಗಮದೇವ’ ಎಂದಿದ್ದರೆ ಬಸವಣ್ಣನವರದೆಂದೂ ‘ಚೆನ್ನಮಲ್ಲಿಕಾರ್ಜುನ’ ಎಂದಿದ್ದರೆ ಅಕ್ಕನದೆಂದೂ ಅಂಕಿತದಿಂದ ತಿಳಿಯುತ್ತೇವೆ. ಅಂಕಿತದ ಒಡೆಯರು ಯಾರೆಂದು ತಿಳಿಯದ ವಚನಗಳನ್ನು ನಮ್ಮ ಸಂಪಾದಕರು ಕಂಡವರ ತಲೆಗೆ ಕಟ್ಟದೆ ‘ಅಜ್ಞಾತ’ರ ಸಾಲಿಗೆ ಸೇರಿಸಿದ್ದಾರಲ್ಲವೆ? ಅದೇ ಮರ್ಯಾದೆ ಇದು.

ಈಗಿನ ಕಾಲದ ಅಪಾಯವೆಂದರೆ ಹೆಸರು ಸಿಗದಿರುವುದಲ್ಲ, ಬೇಗ ಸಿಕ್ಕಿಬಿಡುವುದು. ಫೋನಿನ ಕಣ್ಣಿಗೆ ಎಲೆಯನ್ನು ತೋರಿಸಿದರೆ ಕ್ಷಣಾರ್ಧದಲ್ಲಿ ಒಂದು ಹೆಸರು ಎದುರಿಗೆ ನಿಲ್ಲುತ್ತದೆ. ಗುಂಪು ತಿಳಿಯಲು ಅದು ಒಳ್ಳೆಯ ನೆರವೆ. ಆದರೆ ಅದು ಹೇಳುವುದು ಹೋಲಿಕೆಯನ್ನು, ವಂಶವನ್ನಲ್ಲ. ಹೋಲಿಕೆಯ ಹೆಸರು ಚೀಟಿಗೆ ಹತ್ತಿದೊಡನೆ ‘ಮಿಸ್ಸಮ್ಮನ ಗಿಡ’ ಎಂಬ ಹೆಸರು ಮನೆಯಲ್ಲಿ ಕೇಳಿಸದಾಗುತ್ತದೆ. ನನ್ನ ಆತಂಕವೆಲ್ಲ ಅಲ್ಲಿಯೆ. ಯೂರೋಪಿನ ತಳಿಯ ಹೆಸರನ್ನು ಇನ್ನು ನೂರು ವರ್ಷ ಕಳೆದ ಮೇಲೂ ಯಾರೋ ಒಬ್ಬರು ಪಟ್ಟಿಗಳನ್ನು ಹುಡುಕಿ ತೆಗೆದಾರು. ಯಾವ ಬೀದಿಯ ಯಾವ ಮನೆಯಿಂದ, ಯಾರ ಕೈಯಿಂದ, ಯಾವ ವರ್ಷ ಆ ಎಲೆ ಬಂತೆಂಬುದನ್ನು ಮುಂದೆ ಯಾವ ಪುಸ್ತಕದಿಂದಲೂ ತೆಗೆಯಲಾಗದು. ಅದು ಇರುವುದು ಎಂಬತ್ತು ದಾಟಿದ ಕೆಲವು ಹೆಂಗಸರ ನಾಲಗೆಯ ಮೇಲೆ. ಅತ್ತೆಯವರು ಡಾಕ್ಟರಮ್ಮನ ಗಿಡವನ್ನು ಈಚೆಗೆ ಎರಡು ಸಲ ಮಿಸ್ಸಮ್ಮನದೆಂದರು.

ಕುಕ್ ಟೌನು, ರಿಚರ್ಡ್ಸ್ ಟೌನುಗಳಲ್ಲಿ ಮಂಕಿ ಟಾಪಿನ ಮನೆಗಳು ಒಂದೊಂದಾಗಿ ಉರುಳಿ ಅಂತಸ್ತಿನ ಮನೆಗಳು ಏಳುತ್ತಿವೆ. ಮನೆ ಕೆಡವುವಾಗ ತೊಲೆ, ಕಿಟಕಿ, ಹೆಂಚುಗಳಿಗೆ ಗಿರಾಕಿಗಳುಂಟು. ಕುಂಡಗಳನ್ನು ಯಾರಾದರೂ ಎತ್ತಿಕೊಂಡು ಹೋಗುತ್ತಾರೆ. ಗಿಡ ಸಾಯುವುದಿಲ್ಲ, ಒಂದು ಎಲೆ ಉಳಿದರೂ ಅದು ಬದುಕಿತೆಂದು ಮೇಲೆ ಹೇಳಿದೆನಷ್ಟೆ. ಸಾಯುವುದು ಕೊನೆಯ ಗರಿ.

ಆದ್ದರಿಂದ ದಂಡಿನ ಕಡೆಯ ಹಳೆಯ ಮನೆಗಳ ವಾಚಕರಲ್ಲಿ ಒಂದು ಬಿನ್ನಹ. ಜಗಲಿಯ ಕುಂಡಗಳಿಗೆ ಒಂದೊಂದು ಅಂಕೆ ಹಾಕಿರಿ. ಮಳೆಗೆ ಮಸಿ ನಿಲ್ಲದು. ಅಲ್ಯುಮಿನಿಯಂ ತಗಡಿನ ಮೇಲೆ ಮೊಳೆಯಿಂದ ಗೀಚಿದರೆ ಬಹುಕಾಲ ಬಾಳುತ್ತದೆ. ಒಂದು ನೋಟುಬುಕ್ಕಿನಲ್ಲಿ ಅಂಕೆಯ ಎದುರಿಗೆ ಮೂರು ಸಾಲು ಸಾಕು: ಮನೆಯಲ್ಲಿ ಏನೆಂದು ಕರೆಯುತ್ತೀರಿ, ಯಾರಿಂದ ಎಲ್ಲಿಂದ ಯಾವಾಗ ಬಂತು, ಯಾವುದನ್ನು ಹೋಲುತ್ತದೆ. ಮೊದಲ ಎರಡು ಸಾಲುಗಳನ್ನು ಈ ವಾರವೆ ಬರೆಯಿರಿ, ಮನೆಯ ಹಿರಿಯರ ಪಕ್ಕದಲ್ಲಿ ಕುಳಿತು. ಮೂರನೆಯ ಸಾಲನ್ನು ನಿಧಾನವಾಗಿ ಹುಡುಕಬಹುದು. ತಿಳಿಯದಿದ್ದರೆ ಖಾಲಿ ಬಿಡಬಹುದು. ಎಲೆಯೊಂದನ್ನು ಯಾರಿಗಾದರೂ ಕೊಡುವಾಗ ಆ ಮೂರು ಸಾಲನ್ನು ಚೀಟಿಯಲ್ಲಿ ಬರೆದು ಅದರ ತೊಟ್ಟಿಗೆ ಕಟ್ಟಿ ಕೊಡಿರಿ.